ಓದುಗರಿಗೊಂದು ಅರಿಕೆ

ಹೊಸ ಪುಸ್ತಕ ಕೈಗೆ ಬಂದ ಕೂಡಲೇ ನಾವು ನೋಡುವುದು ಮೊದಲು ಹೊದಿಕೆ, ಆಮೇಲೆ ಬೆಲೆ. ಅದಾದ ಮೇಲೆ ನೇರವಾಗಿ ಮೊದಲನೆಯ ಅಧ್ಯಾಯಕ್ಕೆ ಹೋಗಿಬಿಡುತ್ತೇವೆ. ನಡುವೆ ನಾಲ್ಕಾರು ಪುಟಗಳು ಹಾಗೇ ಉಳಿಯುತ್ತವೆ. ಕನ್ನಡದಲ್ಲಿ ಆ ಪುಟಗಳಿಗೆ ‘ಅರಿಕೆ’, ‘ನನ್ನ ಮಾತು’, ‘ಲೇಖಕರ ನುಡಿ’ ಎಂದು ಹೆಸರು. ಉರ್ದುವಿನಲ್ಲಿ ‘ದೀಬಾಚಾ’, ‘ಪೇಶ್ ಲಫ್ಜ್’, ‘ಅರ್ಜೆ ಹಾಲ್’. ಪರೀಕ್ಷೆಯಲ್ಲಿ ಇವುಗಳ ಮೇಲೆ ಪ್ರಶ್ನೆ ಬರುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳು ಓದುವುದಿಲ್ಲ, ಎಷ್ಟೋ ಸಲ ಶಿಕ್ಷಕರಾದ ನಾವೂ ಓದಿಸುವುದಿಲ್ಲ.

ಆದರೆ ಇತಿಹಾಸ ಬರೆಯುವವರು ಮೊದಲು ಹುಡುಕುವುದು ಇದೇ ಪುಟಗಳನ್ನು. ಬರೆದವನು ಯಾರು, ಯಾವ ಊರಿನವನು, ತಂದೆ-ತಾಯಿ ಯಾರು, ಪುಸ್ತಕ ಎಷ್ಟು ದಿನದಲ್ಲಿ ಮುಗಿಯಿತು, ಯಾರು ನೆರವಾದರು, ಯಾರು ನಕ್ಕರು, ಯಾವ ಭಾಷೆಯಲ್ಲಿ ಬರೆದನು, ಆ ಭಾಷೆಯನ್ನೇ ಏಕೆ ಆರಿಸಿಕೊಂಡನು ಎಂಬ ಸಂಗತಿಗಳೆಲ್ಲ ಅಲ್ಲಿಯೇ ಸಿಗುತ್ತವೆ. ಲೇಖಕ ತನ್ನ ಪುಸ್ತಕದ ಸುದ್ದಿಯನ್ನೂ ತನ್ನ ಮನಸ್ಸಿನ ಮಾತನ್ನೂ ಓದುಗನಿಗೆ ನೇರವಾಗಿ ಹೇಳುವ ಈ ಪದ್ಧತಿ ಅಚ್ಚಿನ ಯಂತ್ರ ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ಗದಗ ಸೀಮೆಯಲ್ಲಿ ಅದಕ್ಕೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಲಕ್ಷ್ಮೇಶ್ವರ, ಮುಳಗುಂದ, ಗದಗ ಮುಂತಾದ ನಮ್ಮ ಊರುಗಳ ಹೆಸರು ಬಂಗಾರದ ಅಕ್ಷರಗಳಲ್ಲಿ ಬರೆದಿಡುವಂತಿವೆ. ನಮ್ಮ ಸಮಾಜದ ಮಕ್ಕಳು ಈ ವಿಷಯವನ್ನು ತಿಳಿಯಲೇಬೇಕು ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪುಲಿಗೆರೆಯ ಕನ್ನಡ

ಇಂದಿನ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಅಂದರೆ ಹುಲಿಗೆರೆ. ಸೋಮೇಶ್ವರ ದೇವಾಲಯ, ಜೈನ ಬಸದಿಗಳು, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ದೂದಪೀರಾಂ ದರ್ಗಾ ಎಲ್ಲವೂ ಇರುವ ಊರು ಅದು. ಸುಮಾರು ಕ್ರಿ.ಶ. ೮೫೦ರಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿದೆ ಎಂಬುದನ್ನು ನಾಲ್ಕು ಊರುಗಳ ಹೆಸರು ಹೇಳಿ ಗುರುತಿಸುತ್ತದೆ. ಕಿಸುವೊಳಲ್ ಅಂದರೆ ಪಟ್ಟದಕಲ್ಲು, ಕೊಪಣನಗರ ಅಂದರೆ ಕೊಪ್ಪಳ, ಮೂರನೆಯದು ಪುಲಿಗೆರೆ, ನಾಲ್ಕನೆಯದು ಒಂಕುಂದ. ಮುಂಡರಗಿಯವರಿಗೆ ಕೊಪ್ಪಳ ಪಕ್ಕದ ಊರು. ಶಿರಹಟ್ಟಿಯವರಿಗೆ ಲಕ್ಷ್ಮೇಶ್ವರ ಸಂತೆಗೆ ಹೋಗಿಬರುವಷ್ಟು ಹತ್ತಿರ. ಹೀಗಾಗಿ ನಾವು ವಾಸವಾಗಿರುವುದು ಕನ್ನಡದ ತಿರುಳಿನ ನೆಲದಲ್ಲಿಯೇ.

ಇದಾದ ಸುಮಾರು ನೂರು ವರ್ಷಗಳ ನಂತರ ಪಂಪನೆಂಬ ಮಹಾಕವಿ ತನ್ನ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸುವಾಗ ಕಥೆ ಮುಗಿಯಿತು ಎಂದು ಲೇಖನಿ ಕೆಳಗಿಡಲಿಲ್ಲ. ಕೊನೆಯಲ್ಲಿ ಓದುಗರ ಕಡೆಗೆ ತಿರುಗಿ ತನ್ನ ವಿಷಯವನ್ನು ಹೇಳಿಕೊಂಡನು. ತನ್ನ ವಂಶದ ಹಿರಿಯರ ಹೆಸರುಗಳನ್ನು ಹೇಳಿದನು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ತನ್ನ ತಂದೆ ಜೈನಧರ್ಮವನ್ನು ಸ್ವೀಕರಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ತನಗೆ ಆಶ್ರಯ ಕೊಟ್ಟ ಅರಿಕೇಸರಿ ರಾಜನು ಬಹುಮಾನವಾಗಿ ಕೊಟ್ಟ ಧರ್ಮವುರವೆಂಬ ಅಗ್ರಹಾರದ ವರ್ಣನೆ ಮಾಡಿದನು. ಭಾರತದ ಕಥೆಗೆ ಆರು ತಿಂಗಳು, ‘ಆದಿಪುರಾಣ’ಕ್ಕೆ ಮೂರು ತಿಂಗಳು ಹಿಡಿಯಿತೆಂದು ಲೆಕ್ಕವನ್ನೂ ಕೊಟ್ಟನು. ಒಂದು ಕಾವ್ಯದಲ್ಲಿ ಲೌಕಿಕವನ್ನು, ಇನ್ನೊಂದರಲ್ಲಿ ಜಿನಾಗಮವನ್ನು ಬೆಳಗಿದ್ದೇನೆ ಎಂದು ಎರಡೂ ಪುಸ್ತಕಗಳ ಉದ್ದೇಶವನ್ನು ತಿಳಿಸಿದನು. ಇಂದಿನ ಲೇಖಕರು ಮುನ್ನುಡಿಯಲ್ಲಿ ಏನೇನು ಬರೆಯುತ್ತಾರೋ ಅದೆಲ್ಲವೂ ಅಲ್ಲಿದೆ. ಆದಿಪುರಾಣ ಮುಗಿದದ್ದು ಕ್ರಿ.ಶ. ೯೪೧ರಲ್ಲಿ. ಪಂಪನು ಹುಟ್ಟಿದ ವರ್ಷ ೯೦೨ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅವನೇ ಸಂವತ್ಸರದ ಹೆಸರು ಹೇಳಿಕೊಂಡಿರುವುದರಿಂದ ಆ ಲೆಕ್ಕ ಸಾಧ್ಯವಾಯಿತು. ಕವಿ ತನ್ನ ಬಗ್ಗೆ ಎರಡು ಮಾತು ಆಡದೆ ಹೋಗಿದ್ದರೆ ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ದೊಡ್ಡ ಅಧ್ಯಾಯವೇ ಮಸುಕಾಗಿ ಉಳಿಯುತ್ತಿತ್ತು.

ತಾನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದೂ ಅವನು ಹೇಳಿಕೊಂಡಿದ್ದಾನೆ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪಂಪನು ಲಕ್ಷ್ಮೇಶ್ವರದವನಲ್ಲ. ಅವನ ಪೂರ್ವಜರು ತೆಲುಗು ನಾಡಿನ ವೆಂಗಿಮಂಡಲದವರು. ಅವನಿದ್ದ ಅರಿಕೇಸರಿಯ ರಾಜಧಾನಿ ವೇಮುಲವಾಡ ಇರುವುದು ಇಂದಿನ ತೆಲಂಗಾಣದಲ್ಲಿ. ಸುತ್ತಲೂ ತೆಲುಗು ಕೇಳುವ ಊರಿನಲ್ಲಿ ಕುಳಿತು, ನಮ್ಮ ಲಕ್ಷ್ಮೇಶ್ವರದ ಕನ್ನಡವನ್ನು ತನ್ನ ಬರಹದ ಭಾಷೆ ಎಂದು ಅವನು ಅಭಿಮಾನದಿಂದ ಹೇಳಿದನು.

ಇದು ಹೇಗಾಯಿತು? ಇದಕ್ಕೆ ಒಂದು ಸುಳಿವು ಅವನ ತಮ್ಮ ಜಿನವಲ್ಲಭನ ಶಾಸನದಲ್ಲಿ ಸಿಗುತ್ತದೆ. ತೆಲಂಗಾಣದ ಕರೀಂನಗರದ ಕಡೆ ಕುರಿಕ್ಯಾಲ ಎಂಬ ಊರಿನ ಗುಡ್ಡದ ಬಂಡೆಯ ಮೇಲೆ ಅದು ಇದೆ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಅಲ್ಲಿಯ ತೆಲುಗು ಕಂದಪದ್ಯಗಳನ್ನು ತೆಲುಗರು ತಮ್ಮ ಅತಿ ಹಳೆಯ ಪದ್ಯಗಳಲ್ಲಿ ಎಣಿಸುತ್ತಾರೆ. ಪಂಪನ ತಾಯಿಯ ಹೆಸರು ಅಬ್ಬಣಬ್ಬೆ ಎಂಬುದೂ ಅವಳು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದೂ ನಮಗೆ ತಿಳಿದದ್ದು ಆ ಶಾಸನದಿಂದ. ಅಣ್ಣಿಗೇರಿ ಎಲ್ಲಿದೆ ಎಂದು ನಮ್ಮ ಮಕ್ಕಳಿಗೆ ಹೇಳಬೇಕಾಗಿಲ್ಲ. ಹುಬ್ಬಳ್ಳಿಗೆ ಹೋಗುವ ಬಸ್ಸು ಅದೇ ದಾರಿಯಲ್ಲಿ ಹೋಗುತ್ತದೆ. ಹೀಗೆ ಪಂಪನಿಗೆ ತಂದೆಯ ಕಡೆಯದು ತೆಲುಗು ನಾಡು, ತಾಯಿಯ ತವರಿನ ಕಡೆಯದು ನಮ್ಮ ಸೀಮೆಯ ಕನ್ನಡ. ಎರಡು ಭಾಷೆಗಳ ನಡುವೆ ಬೆಳೆದದ್ದು ಅವನಿಗೆ ಕೊರತೆಯಾಗಲಿಲ್ಲ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಗುವಿಗೆ ‘ನಿನ್ನ ಕನ್ನಡ ಶುದ್ಧವಿಲ್ಲ’ ಎಂದು ಯಾರಾದರೂ ಹಂಗಿಸಿದರೆ, ಪಂಪನ ಈ ಕಥೆಯನ್ನು ಆ ಮಗುವಿಗೆ ಹೇಳಬೇಕು.

ಮುಳಗುಂದದ ನಯಸೇನ, ಗದುಗಿನ ನಾರಣಪ್ಪ

ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಮುಳಗುಂದ ಸಿಗುತ್ತದೆ. ಅಲ್ಲಿ ಇದ್ದ ನಯಸೇನ ಎಂಬ ಜೈನ ಮುನಿ ಸುಮಾರು ಕ್ರಿ.ಶ. ೧೧೧೨ರಲ್ಲಿ ‘ಧರ್ಮಾಮೃತ’ ಎಂಬ ಗ್ರಂಥವನ್ನು ಬರೆದನು. ಹದಿನಾಲ್ಕು ಕಥೆಗಳ ಮೂಲಕ ಸಾಮಾನ್ಯ ಜನರಿಗೆ ಧರ್ಮವನ್ನು ತಿಳಿಸುವ ಪುಸ್ತಕ ಅದು. ಕಥೆ ಹೇಳುವ ಮುಂಚೆ ನಯಸೇನನು ತನ್ನ ಭಾಷೆಯ ಬಗ್ಗೆ ಓದುಗರಿಗೆ ಒಂದು ಮಾತು ಹೇಳುತ್ತಾನೆ. ಕನ್ನಡದಲ್ಲಿ ಬರೆಯುತ್ತೇನೆ ಎಂದು ಹೊರಟು ಅದರಲ್ಲಿ ಬೇಡದ ಸಂಸ್ಕೃತವನ್ನು ತುಂಬುವವರನ್ನು ಅವನು ಕೇಳುವ ಪ್ರಶ್ನೆ ಬಹಳ ಪ್ರಸಿದ್ಧವಾದದ್ದು. ತುಪ್ಪವನ್ನೂ ಎಣ್ಣೆಯನ್ನೂ ಕಲಸಿದರೆ ಅದು ಊಟಕ್ಕೆ ಸರಿಹೋಗುವುದೇ ಎಂಬುದು ಆ ಪ್ರಶ್ನೆಯ ಭಾವ. ಅಡುಗೆಮನೆಯ ಹೋಲಿಕೆ ಕೊಟ್ಟು ಸಾಹಿತ್ಯದ ಚರ್ಚೆ ಮಾಡಿದ ಈ ಲೇಖಕನಿಗೆ ತನ್ನ ಓದುಗ ಯಾರೆಂಬುದು ಚೆನ್ನಾಗಿ ಗೊತ್ತಿತ್ತು. ಅವನ ಕಥೆಗಳ ತುಂಬ ಗಾದೆಗಳೂ ಹೋಲಿಕೆಗಳೂ ಸಾಲುಸಾಲಾಗಿ ಬರುತ್ತವೆ. ಹೊಲ, ಮನೆ, ಸಂತೆಗಳ ಕನ್ನಡ ಅದರಲ್ಲಿ ಉಳಿದುಕೊಂಡಿದೆ.

ಇನ್ನು ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ. ಹುಬ್ಬಳ್ಳಿ ಕಡೆಯ ಕೋಳಿವಾಡ ಅವನ ಊರು. ಗದಗಿನ ವೀರನಾರಾಯಣ ದೇವಾಲಯದ ಕಂಬಕ್ಕೆ ಒರಗಿ ಕುಳಿತು ಅವನು ಭಾರತವನ್ನು ಹಾಡಿದನೆಂದು ಜನರ ನಂಬಿಕೆ. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಅವನೂ ಕಾವ್ಯದ ಆರಂಭದಲ್ಲಿ ಓದುಗರೊಡನೆ ಮಾತಾಡುತ್ತಾನೆ. ಒಂದು ಕಡೆ ಅವನಿಗೆ ತನ್ನ ಶಕ್ತಿಯ ಬಗ್ಗೆ ಬಹಳ ಹೆಮ್ಮೆ. ಹಲಗೆ ಬಳಪ ಹಿಡಿದು ಬರೆದು ಅಳಿಸುವವನು ತಾನಲ್ಲ, ಇಟ್ಟ ಪದವನ್ನು ಹಿಂದೆ ತೆಗೆಯುವವನಲ್ಲ ಎನ್ನುತ್ತಾನೆ. ಇನ್ನೊಂದು ಕಡೆ ಬಹಳ ವಿನಯ. ಕವಿ ವೀರನಾರಾಯಣನೇ, ತಾನು ಬರೆದುಕೊಳ್ಳುವ ಲಿಪಿಕಾರ ಮಾತ್ರ ಎನ್ನುತ್ತಾನೆ. ಈ ಪುಸ್ತಕದಲ್ಲಿ ಯಾರಿಗೆ ಏನು ಸಿಗುತ್ತದೆ ಎಂಬುದನ್ನೂ ಅವನೇ ಹೇಳುತ್ತಾನೆ. ಅರಸರಿಗೆ ವೀರ, ಬ್ರಾಹ್ಮಣರಿಗೆ ವೇದದ ಸಾರ, ಯೋಗಿಗಳಿಗೆ ತತ್ತ್ವವಿಚಾರ, ಮಂತ್ರಿಗಳಿಗೆ ಬುದ್ಧಿ, ವಿರಹಿಗಳಿಗೆ ಶೃಂಗಾರ. ಇಂದಿನ ಪ್ರಕಾಶಕರು ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಅಚ್ಚು ಹಾಕಿಸುವ ಮಾತನ್ನು ನಾರಣಪ್ಪನು ಶತಮಾನಗಳ ಹಿಂದೆಯೇ ಹೇಳಿಬಿಟ್ಟಿದ್ದಾನೆ. ಗದಗಿನ ವೀರನಾರಾಯಣನ ಹೆಸರು ಅವನ ಅಂಕಿತವಾಯಿತು. ಕಾವ್ಯ ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲ ಗದಗಿನ ವಿಳಾಸವೂ ಹೋಯಿತು.

ಶಿಶುನಾಳದ ಶರೀಫ ಸಾಹೇಬರು

ಲಕ್ಷ್ಮೇಶ್ವರದಿಂದ ಹೆಚ್ಚು ದೂರವಿಲ್ಲದ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ ೧೮೧೯ರಲ್ಲಿ ಹುಟ್ಟಿದ ಶರೀಫ ಸಾಹೇಬರು ೧೮೮೯ರಲ್ಲಿ ತೀರಿಕೊಂಡರು. ಕೆಲಕಾಲ ಅವರು ಶಾಲೆಯ ಮಾಸ್ತರರಾಗಿದ್ದರು ಎಂಬುದು ನಮ್ಮಂಥ ಶಿಕ್ಷಕರಿಗೆ ಅಭಿಮಾನದ ಸಂಗತಿ. ಗುರು ಗೋವಿಂದಭಟ್ಟರ ಶಿಷ್ಯರಾಗಿ ಅವರು ಹಾಡಿದ ತತ್ತ್ವಪದಗಳು ಉತ್ತರ ಕರ್ನಾಟಕದ ಪ್ರತಿಯೊಂದು ಹಳ್ಳಿಯಲ್ಲಿ ಜನರ ನಾಲಗೆಯ ಮೇಲಿವೆ. ಮೊಹರಮ್ಮಿನ ಪದಗಳನ್ನೂ ಅವರು ಕಟ್ಟಿದರು.

ಶರೀಫರು ತಮ್ಮ ಜೀವಿತಕಾಲದಲ್ಲಿ ಪುಸ್ತಕ ಅಚ್ಚು ಹಾಕಿಸಲಿಲ್ಲ, ಮುನ್ನುಡಿ ಬರೆಯಲಿಲ್ಲ. ಜನರ ಬಾಯಲ್ಲಿ ಉಳಿದ ಪದಗಳನ್ನು ಮುಂದಿನವರು ಕೂಡಿಸಿ ಅಚ್ಚು ಮಾಡಿದರು. ಆದರೂ ಅವರ ವಿಳಾಸ ಕಳೆದುಹೋಗಲಿಲ್ಲ. ಯಾಕೆಂದರೆ ತಮ್ಮ ಊರಾದ ಶಿಶುನಾಳದ ಹೆಸರನ್ನೇ ಅವರು ಅಂಕಿತವಾಗಿ ಇಟ್ಟುಕೊಂಡರು. ಸೋರುವ ಮಾಳಿಗೆ, ಗಿರಣಿ, ಕೋಳಿ, ಕೋಡಗ ಹೀಗೆ ಸುತ್ತಲಿನ ಬದುಕಿನಿಂದಲೇ ಮಾತು ಎತ್ತಿಕೊಂಡರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿದವರು ಕನ್ನಡದಲ್ಲಿ ತಮ್ಮ ಒಳಗಿನ ಮಾತನ್ನು ಆಡಬಹುದೇ ಎಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಅವರು ಆಗಲೇ ಉತ್ತರ ಕೊಟ್ಟಿದ್ದಾರೆ.

ಮಿರ್ಜಾ ಗಾಲಿಬರ ಪತ್ರಗಳು

ಉರ್ದು ಓದುವ ವಿದ್ಯಾರ್ಥಿಗಳಿಗೆ ಇದೇ ವಿಷಯದಲ್ಲಿ ಇನ್ನೊಂದು ದೊಡ್ಡ ಉದಾಹರಣೆಯಿದೆ. ಶರೀಫ ಸಾಹೇಬರು ನಮ್ಮ ಸೀಮೆಯಲ್ಲಿ ಹಾಡುತ್ತಿದ್ದ ಕಾಲದಲ್ಲಿಯೇ ದೆಹಲಿಯಲ್ಲಿ ಮಿರ್ಜಾ ಗಾಲಿಬರು ಪತ್ರಗಳನ್ನು ಬರೆಯುತ್ತಿದ್ದರು. ಹಳೆಯ ಪದ್ಧತಿಯ ಉದ್ದುದ್ದ ಬಿರುದುಗಳನ್ನು ಬಿಟ್ಟು, ಎದುರಿಗೆ ಕುಳಿತವರೊಡನೆ ಮಾತಾಡುವಂತೆ ಬರೆದರು. ಪತ್ರವನ್ನು ಸಂಭಾಷಣೆ ಮಾಡಿದ್ದೇನೆ ಎಂದು ಅವರೇ ಹೇಳಿಕೊಂಡರು. ೧೮೫೭ರ ದಂಗೆಯ ದಿನಗಳ ಬಗ್ಗೆ ಅವರು ಫಾರ್ಸಿಯಲ್ಲಿ ಬರೆದ ‘ದಸ್ತಂಬೂ’ ಎಂಬ ಪುಸ್ತಕ ೧೮೫೮ರಲ್ಲಿ ಆಗ್ರಾದಲ್ಲಿ ಅಚ್ಚಾಯಿತು. ಅಚ್ಚು ನೋಡಿಕೊಂಡವರಲ್ಲಿ ಮುಖ್ಯರು ಅವರ ಶಿಷ್ಯ ಹರಗೋಪಾಲ ತುಫ್ತಾ. ಮುದ್ರಣಾಲಯದ ಒಡೆಯರು ಮುನ್ಶಿ ಶಿವನಾರಾಯಣ ಆರಾಮ್. ದೆಹಲಿಯಿಂದ ಗಾಲಿಬರು ಇವರಿಗೆ ಮೇಲಿಂದ ಮೇಲೆ ಕಾಗದ ಬರೆದು ಪುಸ್ತಕ ಎಲ್ಲಿಗೆ ಬಂತು, ತಪ್ಪು ತಿದ್ದಿದಿರಾ, ರಟ್ಟು ಹೇಗೆ ಕಟ್ಟಿಸುತ್ತೀರಿ ಎಂದು ವಿಚಾರಿಸುತ್ತಿದ್ದರು. ಅರಬ್ಬಿ ಶಬ್ದ ಬೆರೆಸದೆ ಬರಿಯ ಫಾರ್ಸಿಯಲ್ಲಿಯೇ ಬರೆಯಬೇಕೆಂದು ಅವರು ಪಣ ತೊಟ್ಟಿದ್ದರು. ಒಂದು ಅರಬ್ಬಿ ಶಬ್ದ ನುಸುಳಿದ್ದು ನೆನಪಾದ ಕೂಡಲೇ ಅದನ್ನು ಬದಲಾಯಿಸಲು ಅವಸರದಿಂದ ಬರೆದರು. ಮುಳಗುಂದದ ನಯಸೇನನ ತುಪ್ಪ-ಎಣ್ಣೆಯ ಮಾತಿಗೂ ದೆಹಲಿಯ ಗಾಲಿಬರ ಈ ಕಳವಳಕ್ಕೂ ಏಳು ನೂರು ವರ್ಷಗಳ ಅಂತರವಿದೆ. ಚಿಂತೆ ಮಾತ್ರ ಒಂದೇ.

ಗಾಲಿಬರ ಪತ್ರಗಳ ಮೊದಲ ಸಂಗ್ರಹ ‘ಊದೆ ಹಿಂದಿ’ ೧೮೬೮ರಲ್ಲಿ ಹೊರಬಂತು. ಮರುವರ್ಷವೇ ಅವರು ತೀರಿಕೊಂಡರು. ಇಂದು ಉರ್ದು ಗದ್ಯದ ಪಾಠ ಆ ಪತ್ರಗಳಿಲ್ಲದೆ ನಡೆಯುವುದಿಲ್ಲ. ಮುಂದೆ ಮೌಲಾನಾ ಅಬುಲ್ ಕಲಾಂ ಆಜಾದರು ೧೯೪೨ರ ಆಗಸ್ಟ್ ತಿಂಗಳಿನಿಂದ ಅಹಮದನಗರದ ಕೋಟೆಯಲ್ಲಿ ಬಂಧಿಯಾಗಿದ್ದಾಗ ಗೆಳೆಯರಾದ ಹಬೀಬುರ್ರಹಮಾನ್ ಖಾನ್ ಶೇರ್ವಾನಿಯವರ ಹೆಸರಿಗೆ ಪತ್ರಗಳನ್ನು ಬರೆದಿಟ್ಟರು. ಅಂಚೆಗೆ ಹಾಕುವ ಅವಕಾಶ ಇರಲಿಲ್ಲ. ಚಹಾದ ರುಚಿ, ಕೋಣೆಯೊಳಗೆ ಬರುವ ಗುಬ್ಬಿಗಳು, ತಮ್ಮ ಬಾಲ್ಯ, ತಮ್ಮ ಸಂದೇಹಗಳು ಎಲ್ಲವೂ ಅವುಗಳಲ್ಲಿವೆ. ೧೯೪೬ರಲ್ಲಿ ಆ ಪತ್ರಗಳು ‘ಗುಬಾರೆ ಖಾತಿರ್’ ಎಂಬ ಪುಸ್ತಕವಾದವು. ಒಬ್ಬ ಗೆಳೆಯನಿಗೆಂದು ಬರೆದದ್ದು ಹೀಗೆ ಸಾವಿರಾರು ಓದುಗರ ಕೈ ಸೇರಿತು.

ಪುಸ್ತಕದ ಗಂಟು ಹೊತ್ತವರು

ಮತ್ತೆ ನಮ್ಮ ಸೀಮೆಗೆ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂದಿನ ಗದಗ ಜಿಲ್ಲೆ ಒಂದೇ ಆಡಳಿತದಲ್ಲಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿತ್ತು. ಕಚೇರಿ ವ್ಯವಹಾರದಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡದ ಕೆಲಸಕ್ಕೆಂದೇ ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆದರೆ ಕನ್ನಡ ಪುಸ್ತಕವನ್ನು ಕೊಂಡು ಓದುವ ರೂಢಿ ಜನರಲ್ಲಿ ಇನ್ನೂ ಬೆಳೆದಿರಲಿಲ್ಲ.

ಇಂಥ ಕಾಲದಲ್ಲಿ ಹಾವೇರಿ ಕಡೆಯ ಗಳಗನಾಥದವರಾದ ವೆಂಕಟೇಶ ತಿರಕೊ ಕುಲಕರ್ಣಿಯವರು ಊರಿನ ಹೆಸರಿನಿಂದಲೇ ‘ಗಳಗನಾಥ’ರೆಂದು ಪ್ರಸಿದ್ಧರಾದರು. ೧೮೬೯ರಲ್ಲಿ ಹುಟ್ಟಿದ ಅವರೂ ಮೊದಲು ಶಾಲಾ ಮಾಸ್ತರರು. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಮನೆಮನೆಗೆ ಕಾದಂಬರಿಗಳನ್ನು ಮುಟ್ಟಿಸಿದರು. ವಿಜಯನಗರದ ಸ್ಥಾಪನೆಯ ಕಥೆಯಾದ ‘ಮಾಧವ ಕರುಣಾವಿಲಾಸ’ ಅವರ ಹೆಸರಾಂತ ಕೃತಿ. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು ಅವರು. ಪುಸ್ತಕ ಕೊಳ್ಳುವ ಮುಂಚೆ ಓದುಗನಿಗೆ ಲೇಖಕರ ಮುಖವೇ ಕಾಣುತ್ತಿತ್ತು, ಪುಸ್ತಕದಲ್ಲಿ ಏನಿದೆ ಎಂದು ಅವರ ಬಾಯಿಂದಲೇ ಕೇಳುತ್ತಿದ್ದನು. ೧೯೪೨ರಲ್ಲಿ ಗಳಗನಾಥರು ತೀರಿಕೊಂಡಾಗ ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಒಂದು ದೊಡ್ಡ ಬಳಗವೇ ಬೆಳೆದಿತ್ತು. ಅವರ ಶ್ರಮ ಹಾಗೆ ಸಾರ್ಥಕವಾಯಿತು.

ಅವರ ನಂತರ ಈ ಕೆಲಸವನ್ನು ಸಂಸ್ಥೆಯ ರೂಪದಲ್ಲಿ ನಡೆಸಿದವರು ಧಾರವಾಡದ ಜಿ.ಬಿ. ಜೋಶಿಯವರು. ೧೯೩೩ರಲ್ಲಿ ಅವರು ‘ಮನೋಹರ ಗ್ರಂಥಮಾಲೆ’ ಆರಂಭಿಸಿದರು. ಓದುಗರು ವರ್ಷಕ್ಕೆ ಇಷ್ಟು ಎಂದು ವರ್ಗಣಿ ಕೊಟ್ಟು ಸದಸ್ಯರಾಗಬೇಕು, ಆ ವರ್ಷದ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಪುಸ್ತಕ ಬರೆಯುವ ಮೊದಲೇ ಓದುಗನನ್ನು ನಂಬಿ, ಓದುಗನೂ ಪುಸ್ತಕ ನೋಡುವ ಮೊದಲೇ ಲೇಖಕನನ್ನು ನಂಬಿ ನಡೆದ ವ್ಯವಹಾರ ಅದು. ಸದಸ್ಯರನ್ನು ಮಾಡಲು ಜೋಶಿಯವರು ಊರೂರು ಅಲೆದರು. ಗದಗಿನವರಾದ ಕೀರ್ತಿನಾಥ ಕುರ್ತಕೋಟಿಯವರು ಈ ಗ್ರಂಥಮಾಲೆಯೊಡನೆ ಜೀವನಪೂರ್ತಿ ಒಡನಾಡಿ ಕನ್ನಡದ ಶ್ರೇಷ್ಠ ವಿಮರ್ಶಕರಾದರು. ಅವರಿಗೆ ೧೯೯೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗದಗ ತಾಲೂಕಿನ ಹೊಂಬಳದಲ್ಲಿ ೧೯೨೮ರಲ್ಲಿ ಹುಟ್ಟಿದ ಕವಿ ಚೆನ್ನವೀರ ಕಣವಿಯವರಿಗೂ ಅದೇ ಪ್ರಶಸ್ತಿ ೧೯೮೧ರಲ್ಲಿ ಬಂದಿತ್ತು. ಇವರೆಲ್ಲ ನಮ್ಮ ನೆರೆಯ ಊರಿನವರು.

ಮನೆಮಾತು ಒಂದು, ಬರಹದ ಮಾತು ಇನ್ನೊಂದು

ನಮ್ಮ ಹೆಣ್ಣುಮಕ್ಕಳಿಗಾಗಿ ಇಬ್ಬರು ಲೇಖಕಿಯರ ವಿಷಯ ಹೇಳಲೇಬೇಕು.

ಕಾಸರಗೋಡಿನಲ್ಲಿ ೧೯೩೬ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ, ಓದಿದ್ದು ಕನ್ನಡ ಶಾಲೆಯಲ್ಲಿ. ತಲಾಖಿನ ದುಃಖವನ್ನು ಅನುಭವಿಸಿದ ಹೆಣ್ಣಿನ ಕಥೆಯಾದ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು, ೧೯೮೪ರಲ್ಲಿ ಪುಸ್ತಕವಾಯಿತು. ಮುಂದೆ ಅವರು ತಮ್ಮ ಪುಸ್ತಕಗಳನ್ನು ತಾವೇ ಹೊರತರಲು ‘ಚಂದ್ರಗಿರಿ ಪ್ರಕಾಶನ’ವನ್ನು ಕಟ್ಟಿದರು. ಓದುಗರಿಗೆ ಹೇಳಬೇಕಾದ ಇನ್ನಷ್ಟು ಮಾತು ಉಳಿದಿತ್ತು. ಅದನ್ನು ‘ಹೊತ್ತು ಕಂತುವ ಮುನ್ನ’ ಎಂಬ ಆತ್ಮಕಥೆಯಲ್ಲಿ ಹೇಳಿದರು. ೨೦೨೩ರ ಜನವರಿಯಲ್ಲಿ ಅವರು ನಿಧನರಾದರು.

ಹಾಸನದ ಬಾನು ಮುಷ್ತಾಕ್ ಅವರು ಹುಟ್ಟಿದ್ದು ೧೯೪೮ರಲ್ಲಿ. ಅವರ ಮನೆಯಲ್ಲಿ ಆಡುವುದು ನಮ್ಮ ಮನೆಗಳಲ್ಲಿಯಂತೆ ದಖನಿ ಉರ್ದು. ಎಂಟು ವರ್ಷದ ಹುಡುಗಿಯಾಗಿದ್ದಾಗ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಲು ಹೋದರೆ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಕರಾರು ಹಾಕಿದರಂತೆ. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಈ ಸಂಗತಿಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ವಕೀಲರಾಗಿ, ಪತ್ರಕರ್ತೆಯಾಗಿ, ಚಳವಳಿಗಳಲ್ಲಿ ದುಡಿಯುತ್ತ ಅವರು ಕಥೆಗಳನ್ನು ಬರೆದರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ಅವರ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ ಸಂಗ್ರಹಕ್ಕೆ ೨೦೨೫ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡದ ಪುಸ್ತಕವೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಗ್ರಹಕ್ಕೆ ಬಂದದ್ದೂ ಅದೇ ಮೊದಲು. ಆ ಕಥೆಗಳಲ್ಲಿರುವ ಅಮ್ಮಿ, ಅಬ್ಬಾ, ಮುತವಲ್ಲಿ, ಆಪಾ ಇವರೆಲ್ಲ ನಮ್ಮ ಓಣಿಗಳಲ್ಲಿಯೂ ಇದ್ದಾರೆ.

ವೆಂಗಿನಾಡಿನ ಮನೆತನದ ಪಂಪನು ಪುಲಿಗೆರೆಯ ಕನ್ನಡವನ್ನು ಆರಿಸಿಕೊಂಡನು. ಮಲಯಾಳಂ ಮನೆಯ ಸಾರಾ, ದಖನಿ ಮನೆಯ ಬಾನು ಅವರೂ ಕನ್ನಡವನ್ನೇ ಆರಿಸಿಕೊಂಡರು. ಇವರಲ್ಲಿ ಯಾರೂ ತಮ್ಮ ಮನೆಯನ್ನು ಮರೆಮಾಡಲಿಲ್ಲ. ನಾನು ಇಂಥ ಕಡೆಯಿಂದ ಬಂದವನು, ಇಂಥವಳ ಮಗಳು ಎಂದು ಹೇಳಿಯೇ ಓದುಗರ ಎದುರು ನಿಂತರು. ಕನ್ನಡವನ್ನು ಕಲಿತರೆ ಉರ್ದುವನ್ನು ಬಿಡಬೇಕಾಗುತ್ತದೆ ಎಂದು ಚಿಂತಿಸುವ ಪಾಲಕರೂ ಇದ್ದಾರೆ, ಉರ್ದು ಮನೆಯ ಮಗುವಿಗೆ ಕನ್ನಡ ಬರಹ ಹತ್ತುವುದಿಲ್ಲ ಎಂದು ತೀರ್ಮಾನಿಸುವವರೂ ಇದ್ದಾರೆ. ಇಬ್ಬರಿಗೂ ಈ ಇತಿಹಾಸವೇ ಉತ್ತರ.

ನಮ್ಮ ಪುಟ ಎಲ್ಲಿದೆ?

ಈಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ. ಗದಗ-ಬೆಟಗೇರಿ ಅಚ್ಚುಕೂಟಗಳಿಗೂ ಪುಸ್ತಕ ಪ್ರಕಾಶನಕ್ಕೂ ಹೆಸರಾದ ಅವಳಿ ನಗರ. ಕಾಗದ, ಮಸಿ, ಮೊಳೆ ಜೋಡಿಸುವ ಕೈ ಯಾವುದಕ್ಕೂ ಇಲ್ಲಿ ಎಂದೂ ಕೊರತೆ ಇರಲಿಲ್ಲ. ಮೊಳೆ ಜೋಡಿಸುವ ಕಾಲ ಹೋಗಿ ಕಂಪ್ಯೂಟರ್ ಬಂದು ಕೆಲಸ ಇನ್ನೂ ಸುಲಭವಾಗಿದೆ. ಆದರೂ ನಮ್ಮ ಸಮಾಜದ ಹಿರಿಯರ ಬದುಕು ಎಷ್ಟು ಪುಟಗಳಲ್ಲಿ ದಾಖಲಾಗಿದೆ? ಬೆಟಗೇರಿಯ ಮಗ್ಗದ ಮುಂದೆ ಕುಳಿತ ನೇಕಾರರು, ಸಂತೆಯಿಂದ ಸಂತೆಗೆ ಗಂಟು ಹೊತ್ತು ತಿರುಗಿದ ಬಳೆಗಾರರು, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೂ ಲಕ್ಷ್ಮೇಶ್ವರದ ಉರುಸಿಗೂ ಒಂದೇ ಭಕ್ತಿಯಿಂದ ಹೋಗಿಬಂದ ಅಜ್ಜ-ಅಜ್ಜಿಯರು, ಮೊಹರಮ್ಮಿನಲ್ಲಿ ಕನ್ನಡ ಪದ ಹಾಡಿದ ಮೇಳದವರು, ಚಿಮಣಿ ಬೆಳಕಿನಲ್ಲಿ ಉರ್ದು ಕಾಯದೆ ಕಲಿಸಿದ ಉಸ್ತಾದರು ಇವರ ಮಾತು ಯಾರ ಪುಸ್ತಕದಲ್ಲಿದೆ? ಅವರು ತೀರಿಕೊಂಡರೆ ಮಾತೂ ಅವರ ಜೊತೆಗೇ ಹೋಗುತ್ತದೆ. ಪಂಪನ ತಾಯಿಯ ಹೆಸರನ್ನು ಅವನ ತಮ್ಮ ಬಂಡೆಗಲ್ಲಿನ ಮೇಲೆ ಕೊರೆಯಿಸಿದ್ದರಿಂದ ಸಾವಿರ ವರ್ಷದ ಮೇಲೆಯೂ ಅದು ನಮಗೆ ಸಿಕ್ಕಿತು. ನಮ್ಮ ಅಜ್ಜಿಯರ ಹೆಸರು ಪಡಿತರ ಚೀಟಿಯನ್ನು ಬಿಟ್ಟು ಬೇರೆ ಎಲ್ಲಿಯಾದರೂ ಇದೆಯೇ?

ಆದ್ದರಿಂದ ನನ್ನದೊಂದು ವಿನಂತಿ. ದೊಡ್ಡ ಪುಸ್ತಕ ಬರೆಯಿರಿ ಎಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿಗಳು ಒಂದು ಪುಟದ ಅರಿಕೆಯನ್ನು ಬರೆಯಲಿ. ನಾನು ಯಾರು, ನನ್ನ ಮನೆತನ ಎಲ್ಲಿಂದ ಬಂದದ್ದು, ನಮ್ಮ ಮನೆಯ ಕಸುಬು ಏನು, ಮನೆಯಲ್ಲಿ ಯಾವ ಮಾತು ಆಡುತ್ತೇವೆ, ನನಗೆ ಯಾವ ಭಾಷೆಯಲ್ಲಿ ಬರೆಯಬೇಕೆನಿಸುತ್ತದೆ, ಏಕೆ ಎಂಬ ಪ್ರಶ್ನ‍ೆಗಳಿಗೆ ಪಂಪನು ಉತ್ತರ ಕೊಟ್ಟ ಹಾಗೆ ಅವರೂ ಉತ್ತರ ಬರೆಯಲಿ. ಉರ್ದುವಿನಲ್ಲಿ ಬರೆದರೆ ಉರ್ದುವಿನಲ್ಲಿ, ಕನ್ನಡದಲ್ಲಿ ಬರೆದರೆ ಕನ್ನಡದಲ್ಲಿ. ತಾಯಿಯ ಹೆಸರನ್ನು ಮಾತ್ರ ಬಿಡಬಾರದು. ಹಿರಿಯರನ್ನು ಕೇಳಿ ತಿಳಿದುಕೊಂಡು ಬರೆದರೆ ಇನ್ನೂ ಒಳ್ಳೆಯದು. ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷ ಇಂಥ ಹತ್ತು ಅರಿಕೆಗಳಿಗೆ ಜಾಗ ಕೊಟ್ಟರೂ, ಹತ್ತು ವರ್ಷದಲ್ಲಿ ನೂರು ಮನೆತನಗಳ ಇತಿಹಾಸ ಉಳಿದಂತಾಗುತ್ತದೆ. ಸದಸ್ಯರು ಸದಸ್ಯತ್ವದ ವರ್ಗಣಿಯೊಂದಿಗೆ ವರ್ಷಕ್ಕೆ ಒಂದು ಕನ್ನಡ ಪುಸ್ತಕ, ಒಂದು ಉರ್ದು ಪುಸ್ತಕ ಕೊಂಡು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟರೆ ಮಕ್ಕಳಿಗೆ ಮಾದರಿಗಳೂ ಸಿಗುತ್ತವೆ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ಮಾತು. ಪಠ್ಯಪುಸ್ತಕವಿರಲಿ, ಕಥೆಯ ಪುಸ್ತಕವಿರಲಿ, ಪಾಠ ಆರಂಭಿಸುವ ಮುಂಚೆ ಆ ಬಿಟ್ಟುಹೋದ ನಾಲ್ಕಾರು ಪುಟಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸೋಣ. ಪುಸ್ತಕ ಬರೆದವರೂ ಒಂದು ಊರಿನವರು, ಅವರಿಗೂ ಮನೆಯಿತ್ತು, ಕಷ್ಟವಿತ್ತು, ಒಂದಕ್ಕಿಂತ ಹೆಚ್ಚು ಭಾಷೆಯಿತ್ತು ಎಂಬುದು ಮಗುವಿಗೆ ತಿಳಿದರೆ, ತಾನೂ ಬರೆಯಬಹುದು ಎಂಬ ಧೈರ್ಯ ಅದಕ್ಕೆ ಬರುತ್ತದೆ. ಲಕ್ಷ್ಮೇಶ್ವರದ ಓಣಿಯ ಹುಡುಗನೋ ಮುಂಡರಗಿಯ ಹುಡುಗಿಯೋ ನಾಳೆ ಒಂದು ಪುಸ್ತಕ ಬರೆದು, ಅದರ ಮೊದಲ ಪುಟದಲ್ಲಿ ತನ್ನ ಊರಿನ ಹೆಸರನ್ನೂ ತಾಯಿಯ ಹೆಸರನ್ನೂ ಹಾಕಲಿ. ಅಲ್ಲಾಹನು ಆ ದಿನವನ್ನು ಬೇಗ ತೋರಿಸಲಿ ಎಂದು ದುಆ ಮಾಡುತ್ತೇನೆ.